ಹಳೇ ಡೆಸ್ಕ್‌ಟಾಪ್‌ಗೆ ರ‍್ಯಾಮ್ ಹಾಕೋದಾ, ಬೇಡ್ವಾ? (ಬಜೆಟ್ ತೀರಾ ಕಮ್ಮಿ)

ಹಳೇಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2010ರಲ್ಲಿ ತಗೊಂಡ ಒಂದು ಡೆಸ್ಕ್‌ಟಾಪ್ ಇದೆ. ಕೋರ್ 2 ಡ್ಯುಯೊ ಇ7500 ಪ್ರೊಸೆಸರ್, ಜಿ41 ಚಿಪ್‌ಸೆಟ್ (ಪ್ರೊಸೆಸರ್, ಮೆಮೊರಿ ಎಲ್ಲವನ್ನೂ ಜೋಡಿಸುವ ಚಿಪ್) ಇರುವ ಬೋರ್ಡ್, ಡಿಡಿಆರ್3 ರ‍್ಯಾಮ್ 2 ಜಿಬಿ. ಎರಡು ಸ್ಲಾಟ್ ಇವೆ, ಒಂದು ಖಾಲಿ. ವಿಂಡೋಸ್ 10 ಓಡುತ್ತಿದೆ. ಓಡುತ್ತಿದೆ ಅನ್ನೋದಕ್ಕಿಂತ ತೆವಳುತ್ತಿದೆ ಅಂದರೆ ಸರಿ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್, ಜೊತೆಗೊಂದು ಎಕ್ಸೆಲ್ ಫೈಲ್ ತೆಗೆದರೆ ಮೌಸ್ ಕೂಡ ಅಲ್ಲಾಡುವುದಿಲ್ಲ.

ಆಟ ಆಡುವುದಿಲ್ಲ, ವಿಡಿಯೊ ಎಡಿಟಿಂಗ್ ಇಲ್ಲ. ಲೆಕ್ಕಪತ್ರ, ಮೇಲ್, ಮಗಳ ಓದಿಗೆ ಒಂದಷ್ಟು ವಿಡಿಯೊ, ಅಷ್ಟೇ. ಹೊಸದು ತಗೊಳ್ಳುವ ಸ್ಥಿತಿ ಈಗ ಇಲ್ಲ. ಖಾಲಿ ಸ್ಲಾಟ್‌ಗೆ 4 ಜಿಬಿ ಸ್ಟಿಕ್ ಒಂದು ಹಾಕಿದರೆ ಸಾಕಾ? ಡಿಡಿಆರ್3 ಅಂತ ಬರೆದಿರೋದು ಯಾವುದು ತಗೊಂಡರೂ ಆಗುತ್ತದಾ?

ಮುರಿದಮೌಸ್:
ಗುಜರಿಗೆ ಹಾಕಿ. ಮುಗೀತು.

ಕೀಲಿಮಣೆ:
ಸ್ವಲ್ಪ ತಡೀರಿ. ದುಡ್ಡು ಹಾಕುವ ಮೊದಲು ಕೊರತೆ ರ‍್ಯಾಮ್‌ದೇನಾ ಅಂತ ನೋಡಬೇಕು, ಅಲ್ವಾ? ದಿನಾ ಏನೇನು ತೆಗೀತೀರೋ ಅದನ್ನೆಲ್ಲ ತೆಗೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ. ಮೂರು ವಿಷಯ ಬರೆದು ಹಾಕಿ: ಎಷ್ಟು ಬಳಕೆಯಲ್ಲಿದೆ, 'ಕಮಿಟೆಡ್' ಎಷ್ಟು ತೋರಿಸುತ್ತಿದೆ, ಡಿಸ್ಕ್ ಎಷ್ಟು ಶೇಕಡ ಓಡುತ್ತಿದೆ. ಇನ್ನೊಂದು, ವಿಂಡೋಸ್ 32 ಬಿಟ್ಟಾ 64 ಬಿಟ್ಟಾ?

ಸುಮ್ನೆಬಂದೆ:
ಮುರಿದಮೌಸ್ ಅವರೇ, 'ಹೊಸದು ತಗೊಳ್ಳುವ ಸ್ಥಿತಿ ಇಲ್ಲ' ಅಂತ ಅವರು ಬರೆದಿರೋದು ಓದಿದ್ರಾ?

ಮುರಿದಮೌಸ್:
ಓದಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. 2009ರಲ್ಲಿ ಬಂದ ಪ್ರೊಸೆಸರ್, ಎರಡೇ ಕೋರ್. ಇದಕ್ಕೆ ರ‍್ಯಾಮ್, ಆಮೇಲೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡಿಸ್ಕ್), ಆಮೇಲೆ ಪವರ್ ಸಪ್ಲೈ ಅಂತ ಹೋದರೆ ಮೂಗಿಗಿಂತ ಮೂಗುತಿ ಭಾರ. ಕಚೇರಿಗಳಿಂದ ಹೊರಬಿದ್ದ ನಾಲ್ಕನೇ ತಲೆಮಾರಿನ ಐ5 ಪೆಟ್ಟಿಗೆ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇದರ ಎರಡು ಪಟ್ಟು ಕೆಲಸ ಮಾಡುತ್ತದೆ.

ಹಳೇಪೆಟ್ಟಿಗೆ:
ಕೀಲಿಮಣೆ ಅವರೇ, ನೋಡಿದೆ. ಬಳಕೆ 1.8 ಜಿಬಿ, ಶೇ 91 ಅಂತಿದೆ. ಕಮಿಟೆಡ್ 4.1 / 5.2. ಡಿಸ್ಕ್ ಸುಮಾರು ಹೊತ್ತು ಶೇ 100ರಲ್ಲೇ ನಿಂತಿರುತ್ತದೆ. ಪ್ರೊಸೆಸರ್ ಮಾತ್ರ ಶೇ 20ರಿಂದ 30. ವಿಂಡೋಸ್ 32 ಬಿಟ್ ಅಂತ ತೋರಿಸುತ್ತಿದೆ.

ತಂತಿಬೇಲಿ:
ಡಿಸ್ಕ್ ಶೇ 100 ಇದೆ ಅಂದ ಮೇಲೆ ರ‍್ಯಾಮ್ ಯಾಕೆ ಬೇಕು? ಎಸ್‌ಎಸ್‌ಡಿ ಹಾಕಿ. ನನ್ನ ಹಳೇ ಮೆಷಿನ್‌ಗೆ ಹಾಕಿದ ಮೇಲೆ ಮರುಜನ್ಮ ಬಂದ ಹಾಗಾಯಿತು.

ಕೀಲಿಮಣೆ:
ಇಲ್ಲ ಸರ್, ಇಲ್ಲೇ ಬಹಳ ಜನ ದಾರಿ ತಪ್ಪೋದು. ಅವರ ಡಿಸ್ಕ್ ಯಾಕೆ ಅಷ್ಟು ಓಡುತ್ತಿದೆ? ಪ್ರೋಗ್ರಾಮ್‌ಗಳು ಕೇಳಿರೋದು 4.1 ಜಿಬಿ, ಇರೋದು 2. ಹಿಡಿಸದೆ ಇದ್ದದ್ದನ್ನು ವಿಂಡೋಸ್ ಪೇಜ್ ಫೈಲ್‌ಗೆ, ಅಂದರೆ ಹಾರ್ಡ್ ಡಿಸ್ಕಿಗೆ, ತಳ್ಳುತ್ತದೆ. ಮತ್ತೆ ಬೇಕಾದಾಗ ಎಳೆದು ತರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಿ ಓದೋದಕ್ಕೆ 10 ಮಿಲಿಸೆಕೆಂಡ್ ಹತ್ತಿರ ಹಿಡಿಯುತ್ತದೆ. ರ‍್ಯಾಮ್‌ನಲ್ಲಿ ಅದೇ ಕೆಲಸ ನ್ಯಾನೊಸೆಕೆಂಡ್ ಲೆಕ್ಕದಲ್ಲಿ ಆಗುತ್ತದೆ. ಸಾವಿರ ಪಟ್ಟಲ್ಲ, ಲಕ್ಷ ಪಟ್ಟಿನ ವ್ಯತ್ಯಾಸ. ಅದಕ್ಕೇ ಮೌಸ್ ನಿಂತುಬಿಡೋದು.

ಎಸ್‌ಎಸ್‌ಡಿ ಹಾಕಿದರೆ ಈ ತಳ್ಳಾಟ ಬೇಗ ಆಗುತ್ತದೆ, ನಿಲ್ಲುವುದಿಲ್ಲ. ದಿನಪೂರ್ತಿ ಪೇಜ್ ಫೈಲ್ ಬರೆದೂ ಬರೆದೂ ಎಸ್‌ಎಸ್‌ಡಿಯ ಆಯಸ್ಸೂ ಕರಗುತ್ತದೆ. 2 ಜಿಬಿಯಲ್ಲಿ ಮೊದಲು ರ‍್ಯಾಮ್. 4 ದಾಟಿದ ಮೇಲೆ ಎಸ್‌ಎಸ್‌ಡಿ.

ಮೌನಿ:
ರ‍್ಯಾಮ್ ಅಂದರೆ ಮೇಜು, ಡಿಸ್ಕ್ ಅಂದರೆ ಬೀರು ಅನ್ನೋ ಉದಾಹರಣೆ ಯಾರೂ ಕೊಡಲಿಲ್ವಲ್ಲ ಇನ್ನೂ. ಕಾಯ್ತಾ ಇದ್ದೆ.

ಸುಮ್ನೆಬಂದೆ:
ನೀವೇ ಕೊಟ್ಟುಬಿಟ್ರಿ 😄

ಬಿಟ್‌ಬೈಟ್:
ಹಳೇಪೆಟ್ಟಿಗೆ ಅವರೇ, ಏನನ್ನೂ ತಗೊಳ್ಳುವ ಮೊದಲು ಇದನ್ನು ಪೂರ್ತಿ ಓದಿ. ಜಿ41 ಅಂತ ನೋಡಿದ ತಕ್ಷಣ ಎದೆ ಧಸಕ್ ಅಂತು.

ಈ ಚಿಪ್‌ಸೆಟ್‌ಗೆ ಒಂದು ಹಟ ಇದೆ. 4 ಜಿಬಿ ಡಿಡಿಆರ್3 ಸ್ಟಿಕ್ ಎರಡು ಥರ ಮಾಡುತ್ತಾರೆ. ಒಂದರಲ್ಲಿ 16 ಚಿಪ್ ಇರುತ್ತವೆ, ಒಂದೊಂದೂ 2 ಗಿಗಾಬಿಟ್. ಇನ್ನೊಂದರಲ್ಲಿ 8 ಚಿಪ್, ಒಂದೊಂದೂ 4 ಗಿಗಾಬಿಟ್. ಗುಣಿಸಿ ನೋಡಿ, ಎರಡೂ 32 ಗಿಗಾಬಿಟ್, ಅಂದರೆ 4 ಜಿಬಿ (8 ಗಿಗಾಬಿಟ್‌ಗೆ 1 ಜಿಬಿ). ಲೇಬಲ್ ಮೇಲೆ ಎರಡಕ್ಕೂ '4 ಜಿಬಿ ಡಿಡಿಆರ್3' ಅಂತಲೇ ಬರೆದಿರುತ್ತದೆ. ಆದರೆ ಜಿ41ಗೆ 4 ಗಿಗಾಬಿಟ್ ಚಿಪ್ ಒಳಗೆ ವಿಳಾಸ ಹುಡುಕೋದು ಬರುವುದಿಲ್ಲ. ಆ ಚಿಪ್‌ಸೆಟ್ ಬಂದ ಕಾಲದಲ್ಲಿ 2 ಗಿಗಾಬಿಟ್ಟೇ ದೊಡ್ಡದು. 8 ಚಿಪ್ಪಿನ ಸ್ಟಿಕ್ ಹಾಕಿದರೆ ಬೀಪ್ ಹೊಡೆಯುತ್ತದೆ, ಇಲ್ಲವೇ ಅರ್ಧ ಮಾತ್ರ ತೋರಿಸುತ್ತದೆ.

ಈಗ ಸಿಗುವ 4 ಜಿಬಿ ಸ್ಟಿಕ್‌ಗಳಲ್ಲಿ 8 ಚಿಪ್ಪಿನದೇ ಜಾಸ್ತಿ. ಹಾಗಾಗಿ ಅಂಗಡಿಯವರು ಕೊಟ್ಟಿದ್ದನ್ನು ಕಣ್ಣು ಮುಚ್ಚಿ ತರಬೇಡಿ. ಚಿಪ್ ಎಣಿಸಿ. 16 ಇರಬೇಕು. ಎರಡು ಸ್ಲಾಟ್ ಸೇರಿ 8 ಜಿಬಿವರೆಗೆ ಜಿ41 ಒಪ್ಪುತ್ತದೆ. ಆದರೂ ನಿಮ್ಮ ಬೋರ್ಡಿನ ಮ್ಯಾನ್ಯುಯಲ್ ಒಂದು ಸಲ ನೋಡಿಕೊಳ್ಳಿ.

ರಬ್ಬರ್‌ಮಾಮ:
ಸುಲಭವಾಗಿ ಹೇಳಬೇಕೆಂದರೆ ಎರಡೂ ಕಡೆ ಚಿಪ್ ಇರೋದನ್ನ ತಗೊಳ್ಳಿ.

ಬಿಟ್‌ಬೈಟ್:
ಹತ್ತಿರ ಬಂದ್ರಿ ಮಾಮ, ಪೂರ್ತಿ ಸರಿ ಇಲ್ಲ. ಒಂದು ಕಡೆ 4, ಇನ್ನೊಂದು ಕಡೆ 4 ಇದ್ದರೂ ಎರಡೂ ಕಡೆ ಇದ್ದ ಹಾಗೇ, ಆದರೆ ಒಟ್ಟು 8. ಲೆಕ್ಕ ಮುಖ್ಯ, ಬದಿ ಅಲ್ಲ. 8 ಜಿಬಿ ಸ್ಟಿಕ್ ಅಂತೂ ಬೇಡವೇ ಬೇಡ. ಅದರಲ್ಲಿ 16 ಚಿಪ್ ಇದ್ದರೂ ಒಂದೊಂದೂ 4 ಗಿಗಾಬಿಟ್.

ರಬ್ಬರ್‌ಮಾಮ:
ಒಪ್ಪಿದೆ. ಹದಿನಾರು.

ಗಾಳಿಗೋಪುರ:
ಇನ್ನೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಆನ್‌ಲೈನ್‌ನಲ್ಲಿ ಎಲ್ಲರಿಗಿಂತ ಅಗ್ಗಕ್ಕೆ 4 ಜಿಬಿ ಸ್ಟಿಕ್ ಕಂಡಿತು. ಕುಣಿದಾಡಿ ತರಿಸಿದೆ. ಹಾಕಿದರೆ ಪರದೆ ಕಪ್ಪು. ಮೂರು ದಿನ ಬೋರ್ಡ್ ಹಾಳಾಯಿತು ಅಂದುಕೊಂಡು ತಲೆ ಕೆಡಿಸಿಕೊಂಡೆ. ಆಮೇಲೆ ವಿವರಣೆಯ ಕೊನೇ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ 'ಎಎಮ್‌ಡಿ ಬೋರ್ಡ್‌ಗೆ ಮಾತ್ರ' ಅಂತ ಇದ್ದದ್ದು ಕಂಡಿತು. ಅವುಗಳ ಚಿಪ್ ಜೋಡಣೆಯೇ ಬೇರೆ, ಇಂಟೆಲ್ ಬೋರ್ಡ್ ಒಪ್ಪುವುದಿಲ್ಲ. ವಿಚಿತ್ರ ಅಂದರೆ ಅದರಲ್ಲೂ 16 ಚಿಪ್ಪೇ ಇದ್ದವು! ಎಣಿಸಿದರೆ ಸಾಲದು, ಓದಲೂ ಬೇಕು.

ಅದೇ ಥರ ಸರ್ವರ್‌ನಿಂದ ಬಿಚ್ಚಿದ 'ರಿಜಿಸ್ಟರ್ಡ್ ಇಸಿಸಿ' ಸ್ಟಿಕ್‌ಗಳೂ ಅಗ್ಗಕ್ಕೆ ಸಿಗುತ್ತವೆ. ಅವು ಮಾಮೂಲಿ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುವುದಿಲ್ಲ. ಚಿಪ್ಪುಗಳ ಸಾಲಿನ ನಡುವೆ ಬೇರೆ ಆಕಾರದ ಇನ್ನೊಂದು ಚಿಪ್ ಕಂಡರೆ ಅನುಮಾನ ಪಡಿ.

ಮುರಿದಮೌಸ್:
ನೋಡಿದ್ರಾ ಎಷ್ಟು ಗುಂಡಿ. ಇದಕ್ಕೇ ಗುಜರಿ ಅಂದಿದ್ದು.

ಪೆಂಗ್ವಿನಕ್ಕ:
ಮುರಿದಮೌಸ್ ಅವರ ಸಿಟ್ಟು ಬದಿಗಿರಲಿ. ಹಳೇಪೆಟ್ಟಿಗೆ ಅವರೇ, ದುಡ್ಡೇ ಹಾಕದೆ ಒಂದು ಪ್ರಯತ್ನ ಮಾಡಿ ನೋಡಬಹುದು. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಜೊತೆಗೆ ಝಡ್‌ರ‍್ಯಾಮ್ ಚಾಲೂ ಮಾಡಿ. ಡಿಸ್ಕಿಗೆ ತಳ್ಳುವ ಬದಲು ರ‍್ಯಾಮ್ ಒಳಗೇ ಡೇಟಾ ಹಿಂಡಿ ಇಡುತ್ತದೆ. ಇನ್ನೊಂದು ಮಾತು, ವಿಂಡೋಸ್ 10ಗೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ತಂತಿಬೇಲಿ:
ಬಂದ್ರು ಲಿನಕ್ಸ್‌ನವರು. ಹತ್ತನೇ ಉತ್ತರದೊಳಗೆ ಬರ್ತೀರಿ ಅಂದುಕೊಂಡಿದ್ದೆ, ಈ ಸಲ ಲೇಟು.

ಪೆಂಗ್ವಿನಕ್ಕ:
ಅಪ್‌ಡೇಟ್ ಆಗ್ತಾ ಇತ್ತು 😏

ತಂತಿಬೇಲಿ:
ವಿಂಡೋಸ್ 11 ಹಾಕಿದರಾಯಿತಪ್ಪ. ಟಿಪಿಎಮ್ (ಭದ್ರತೆಯ ಚಿಪ್) ಕೇಳದ ಹಾಗೆ ಮಾಡುವ ಉಪಾಯ ಎಲ್ಲರಿಗೂ ಗೊತ್ತು.

ಪೆಂಗ್ವಿನಕ್ಕ:
ಈ ಪ್ರೊಸೆಸರ್‌ನಲ್ಲಿ ಆ ಉಪಾಯ ನಡೆಯುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪಾಪ್‌ಕೌಂಟ್ ಅನ್ನೋ ಸೂಚನೆ ಪ್ರೊಸೆಸರ್‌ನಲ್ಲಿ ಇರಲೇಬೇಕು. ಕೋರ್ 2 ಡ್ಯುಯೊದಲ್ಲಿ ಅದು ಇಲ್ಲ. ಬೂಟೇ ಆಗುವುದಿಲ್ಲ.

ತಂತಿಬೇಲಿ:
ಓ, ಅದು ಗೊತ್ತಿರಲಿಲ್ಲ. ಸರಿ.

ಹಳೇಪೆಟ್ಟಿಗೆ:
ಲಿನಕ್ಸ್ ಇಷ್ಟವೇ ಮೇಡಂ. ಆದರೆ ಲೆಕ್ಕಪತ್ರದ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಆ ಒಂದು ಕಾರಣಕ್ಕೆ ಸಿಕ್ಕಿಕೊಂಡಿದ್ದೇನೆ. ಲೆಕ್ಕ ಮಾಡುವಾಗ ನೆಟ್ ತೆಗೆದು ಕೂರುತ್ತೇನೆ ಈಗಲೂ.

ಪೆಂಗ್ವಿನಕ್ಕ:
ಹಾಗಾದರೆ ಎರಡೂ ಇಟ್ಟುಕೊಳ್ಳಿ. ಲೆಕ್ಕಕ್ಕೆ ವಿಂಡೋಸ್, ನೆಟ್ಟಿಗೆ ಮಿಂಟ್.

ಕೀಲಿಮಣೆ:
32 ಬಿಟ್ ವಿಷಯ ಎಲ್ಲರೂ ಮರೆತೇಬಿಟ್ಟಿದ್ದೀರಿ! 32 ಬಿಟ್ ವಿಂಡೋಸ್ 4 ಜಿಬಿಗಿಂತ ಜಾಸ್ತಿ ಮುಟ್ಟುವುದಿಲ್ಲ. ಅದರಲ್ಲೂ ಒಂದು ಪಾಲು ವಿಳಾಸಗಳು ಗ್ರಾಫಿಕ್ಸ್ ಮುಂತಾದವಕ್ಕೆ ಹೋಗುತ್ತವೆ. ಕೊನೆಗೆ ಕೈಗೆ ಸಿಗೋದು 3.2, 3.5 ಜಿಬಿ ಅಷ್ಟೇ. ನೀವು 6 ಹಾಕಿ, 8 ಹಾಕಿ, ಕಥೆ ಅದೇ. 64 ಬಿಟ್ ಬೇಕು. ಇ7500 ಪ್ರೊಸೆಸರ್ 64 ಬಿಟ್ ಒಪ್ಪುತ್ತದೆ. ಆದರೆ 32ರಿಂದ 64ಕ್ಕೆ ಅಪ್‌ಗ್ರೇಡ್ ಅಂತ ಇಲ್ಲ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಲೈಸೆನ್ಸ್ ಅದೇ ನಡೆಯುತ್ತದೆ. ಮೊದಲು ಫೈಲ್‌ಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಗಾಳಿಗೋಪುರ:
ಪಿಎಇ ಅಂತ ಮೆಮೊರಿ ವಿಳಾಸ ಹಿಗ್ಗಿಸುವ ಉಪಾಯ ಇದೆ, 32 ಬಿಟ್‌ನಲ್ಲೂ 64 ಜಿಬಿವರೆಗೆ ಹೋಗಬಹುದು.

ಕೀಲಿಮಣೆ:
ಪ್ರೊಸೆಸರ್‌ಗೆ ಆಗುತ್ತದೆ, 32 ಬಿಟ್ ಲಿನಕ್ಸ್‌ಗೂ ಆಗುತ್ತದೆ. ಮನೆಬಳಕೆಯ 32 ಬಿಟ್ ವಿಂಡೋಸ್‌ಗೆ ಮೈಕ್ರೋಸಾಫ್ಟ್ 4ರ ಬೇಲಿ ಹಾಕಿದೆ. ಇಲ್ಲಿ ಪ್ರಯೋಜನ ಇಲ್ಲ.

ಮೌನಿ:
ವಿಂಡೋಸ್ 7 ಸ್ಟಾರ್ಟರ್‌ನಲ್ಲಿ 2 ಜಿಬಿಯ ಬೇಲಿ ಇತ್ತು. ಸಣ್ಣ ಲ್ಯಾಪ್‌ಟಾಪ್ ಒಂದಕ್ಕೆ 4 ಹಾಕಿ, ಎರಡೇ ತೋರಿಸುತ್ತದೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಿದ್ದೆ. ತಪ್ಪು ನನ್ನದೇ. ಅವತ್ತಿನಿಂದಲೇ ಈ ಹೆಸರು ಇಟ್ಟುಕೊಂಡಿದ್ದು.

ಸುಮ್ನೆಬಂದೆ:
ನನ್ನ ಮೊದಲ ಕಂಪ್ಯೂಟರ್‌ನಲ್ಲಿ 256 ಎಂಬಿ ಇತ್ತು. ಎಂಬಿ! ಎಕ್ಸ್‌ಪಿ ಆರಾಮಾಗಿ ಓಡ್ತಿತ್ತು. ಈಗ ಒಂದು ಟ್ಯಾಬ್ ಅದಕ್ಕಿಂತ ಜಾಸ್ತಿ ನುಂಗುತ್ತದೆ. ಬ್ರೌಸರ್ ಬರೆಯೋರನ್ನ 2 ಜಿಬಿ ಮೆಷಿನ್ ಮುಂದೆ ಒಂದು ವಾರ ಕೂರಿಸಬೇಕು.

ರಬ್ಬರ್‌ಮಾಮ:
ಆರಾಮಾಗಿ ಏನೂ ಓಡ್ತಿರಲಿಲ್ಲ, ನಮಗೆ ಅವಸರ ಇರಲಿಲ್ಲ ಅಷ್ಟೇ.

ಹಳೇಪೆಟ್ಟಿಗೆ:
ಎಲ್ಲ ಓದಿದೆ, ತಲೆ ಸ್ವಲ್ಪ ತಿರುಗಿತು. ಈಗ ಇರುವ 2 ಜಿಬಿ ಸ್ಟಿಕ್ ಬಿಸಾಕಿ 4+4 ಹಾಕಬೇಕಾ, ಅಥವಾ ಅದನ್ನು ಇಟ್ಟುಕೊಂಡು 4 ಸೇರಿಸಿದರೆ ನಡೆಯುತ್ತದಾ? ಈಗಿರುವುದರ ವೇಗ 1333, ಕೆಲವರು 1600 ಇದೆ ಅಂತಾರೆ. ಡಿಡಿಆರ್3ಎಲ್ ಅಂತಲೂ ಒಂದು ಕಂಡಿತು.

ಬಿಟ್‌ಬೈಟ್:
2+4 ನಡೆಯುತ್ತದೆ. ಎರಡರಿಂದಲೂ 2 ಜಿಬಿ ಸೇರಿ ಡ್ಯುಯಲ್ ಚಾನೆಲ್‌ನಲ್ಲಿ (ಎರಡು ದಾರಿಯಲ್ಲಿ ಒಟ್ಟಿಗೆ) ಓಡುತ್ತದೆ, ಉಳಿದ 2 ಜಿಬಿ ಒಂದೇ ಚಾನೆಲ್‌ನಲ್ಲಿ. ಇಂಟೆಲ್ ಇದನ್ನು ಫ್ಲೆಕ್ಸ್ ಅನ್ನುತ್ತದೆ. ನಿಮ್ಮ ಕೆಲಸಕ್ಕೆ ವ್ಯತ್ಯಾಸ ಗೊತ್ತೇ ಆಗಲ್ಲ. ಕಮಿಟೆಡ್ 4.1 ಇತ್ತಲ್ಲ, 6ರಲ್ಲಿ ಆರಾಮಾಗಿ ಹಿಡಿಸುತ್ತದೆ.

ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಪ್ರೊಸೆಸರ್‌ನ ಬಸ್ಸೇ (ಡೇಟಾ ಓಡಾಡುವ ದಾರಿ) 1066. 1333 ಇರಲಿ 1600 ಇರಲಿ, ಎಲ್ಲ 1066ಕ್ಕೆ ಇಳಿದು ಓಡುತ್ತವೆ. 1600ಕ್ಕೆ ಜಾಸ್ತಿ ಕೇಳಿದರೆ ಕೊಡಬೇಡಿ. ಡಿಡಿಆರ್3 ಓಡೋದು 1.5 ವೋಲ್ಟ್‌ನಲ್ಲಿ. 3ಎಲ್ ಸ್ಟಿಕ್ 1.35ರಲ್ಲೂ 1.5ರಲ್ಲೂ ಓಡುತ್ತದೆ, ಹಾಗಾಗಿ ಅದೂ ಆಗುತ್ತದೆ. ಚಿಪ್ 16 ಇರಲಿ ಅನ್ನೋದೊಂದೇ ಶರತ್ತು.

ತಂತಿಬೇಲಿ:
4+4ನೇ ಹಾಕಿ. ಮತ್ತೆ ಮತ್ತೆ ಬಿಚ್ಚೋದು ಯಾಕೆ?

ಬಿಟ್‌ಬೈಟ್:
ಆ ದುಡ್ಡು ಉಳಿಸಿದರೆ ಎಸ್‌ಎಸ್‌ಡಿಗೆ ಆಗುತ್ತದೆ. ಬಜೆಟ್ ಅವರದ್ದು ಸರ್, ನಮ್ಮದಲ್ಲ.

ರಬ್ಬರ್‌ಮಾಮ:
ಹಾಕುವಾಗಿನ ಎರಡು ಮಾತು ನಾನು ಹೇಳುತ್ತೇನೆ. ಪವರ್ ವೈರ್ ಪೂರ್ತಿ ಕಿತ್ತು, ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಹೋಗುತ್ತದೆ. ಕೇಸಿನ ಬಣ್ಣ ಹಚ್ಚದ ಲೋಹ ಮುಟ್ಟಿ, ಆಮೇಲೆ ಸ್ಟಿಕ್ ಮುಟ್ಟಿ. ಸ್ಟಿಕ್ಕಿನ ಕಚ್ಚು ಸ್ಲಾಟಿನ ದಿಣ್ಣೆಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ. ಡಿಡಿಆರ್2ಗೂ 3ಕ್ಕೂ 240 ಪಿನ್ನೇ, ಉದ್ದವೂ ಒಂದೇ, ಕಚ್ಚಿನ ಜಾಗ ಮಾತ್ರ ಬೇರೆ. ಗೊತ್ತಿಲ್ಲದೆ ಮಂಡಿ ಊರಿ ಒತ್ತಿ ಸ್ಲಾಟನ್ನೇ ಸೀಳಿದವರನ್ನ ನೋಡಿದ್ದೇನೆ. ಸರಿಯಾಗಿ ಕೂತರೆ ಎರಡೂ ಕಡೆ ಕ್ಲಿಪ್ 'ಟಕ್' ಅಂತ ತಾನೇ ಮುಚ್ಚಿಕೊಳ್ಳುತ್ತದೆ.

ಹಳೇ ಸ್ಟಿಕ್ಕಿನ ಪಿನ್ನುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಒಂದು ಸಲ ಉಜ್ಜಿಬಿಡಿ. ಅರ್ಧ ಕಾಯಿಲೆ ಅದರಲ್ಲೇ ಹೋಗುತ್ತದೆ.

ಗಾಳಿಗೋಪುರ:
ರಬ್ಬರ್ ಬೇಡ ಮಾರಾಯ್ರೆ! ಚಿನ್ನದ ಲೇಪ ತೀರಾ ತೆಳು, ಉಜ್ಜಿದರೆ ಹೋಗುತ್ತದೆ. ಪುಡಿ ಸ್ಲಾಟ್ ಒಳಗೆ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆ ಸಾಕು.

ರಬ್ಬರ್‌ಮಾಮ:
ಇಷ್ಟು ವರ್ಷದಿಂದ ಉಜ್ಜುತ್ತಿದ್ದೇನೆ, ಒಂದೂ ಸತ್ತಿಲ್ಲ. ಹೆಸರು ಸುಮ್ನೆ ಬಂದಿಲ್ಲ.

ಗಾಳಿಗೋಪುರ:
ಸತ್ತವು ಬಂದು ದೂರು ಕೊಡುತ್ತವಾ?

ಕೀಲಿಮಣೆ:
ಇಬ್ಬರೂ ಸಾಕು. ಮೆತ್ತಗಿನ ಬಿಳಿ ರಬ್ಬರ್, ಹಗುರ ಕೈ, ಆಮೇಲೆ ಪುಡಿ ಊದಬೇಡಿ, ಬ್ರಷ್‌ನಲ್ಲಿ ಕೊಡವಿ. ಊದಿದರೆ ಎಂಜಲು ಹಾರುತ್ತದೆ. ಆಲ್ಕೊಹಾಲ್ ಇದ್ದರೆ ಅದೇ ಒಳ್ಳೆಯದು.

ಹಳೇಪೆಟ್ಟಿಗೆ (ನಾಲ್ಕು ದಿನದ ನಂತರ):
ಸ್ಟಿಕ್ ತಂದೆ! ಅಂಗಡಿಯಲ್ಲಿ ಮೊದಲು ತೋರಿಸಿದ್ದು 8 ಚಿಪ್ಪಿನದು. 'ಇದು ನನ್ನ ಬೋರ್ಡ್‌ಗೆ ಆಗಲ್ಲ' ಅಂದೆ. ಅಂಗಡಿಯವರು ನನ್ನ ಮುಖ ನೋಡಿ, ಡ್ರಾಯರ್ ಪೂರ್ತಿ ಹುಡುಕಿ, 16 ಇರುವ ಹಳೇ ಸ್ಟಿಕ್ ಒಂದು ಕೊಟ್ಟರು. ಕೆಲಸ ಮಾಡದಿದ್ದರೆ ವಾಪಸ್ ತಗೊಳ್ಳುತ್ತೇವೆ ಅಂತ ಚೀಟಿಯಲ್ಲಿ ಬರೆಸಿಕೊಂಡೆ.

ಹಾಕಿದೆ. ಬೀಪ್, ಬೀಪ್, ಬೀಪ್. ಕಾಲು ತಣ್ಣಗಾಯಿತು. ತೆಗೆದು ಮತ್ತೆ ಹಾಕಿದೆ, ಈ ಸಲ 'ಟಕ್' ಕೇಳಿಸಿತು. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಪರದೆ) 6144 ಎಂಬಿ! ಆದರೆ ವಿಂಡೋಸ್‌ನಲ್ಲಿ '6.00 ಜಿಬಿ, 3.24 ಬಳಸಬಹುದು' ಅಂತ ಬರುತ್ತಿದೆ. ಸ್ಟಿಕ್ ಹಾಳಾಗಿದೆಯಾ?

ಮೌನಿ:
ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಅನುಭವಸ್ಥನ ಮಾತು.

ಕೀಲಿಮಣೆ:
64 ಬಿಟ್ ಹಾಕಿಲ್ಲ ಅಲ್ವಾ? ಮೇಲೆ ಇಷ್ಟುದ್ದ ಬರೆದಿದ್ದೆ 😄

ಹಳೇಪೆಟ್ಟಿಗೆ:
ಅಯ್ಯೋ. ಚಿಪ್ ಎಣಿಸುವ ಸಂಭ್ರಮದಲ್ಲಿ ಅದು ಮರೆತೇಹೋಯಿತು. ಈ ಭಾನುವಾರ ಮಾಡುತ್ತೇನೆ.

ಬಿಟ್‌ಬೈಟ್:
ಅದಕ್ಕೂ ಮೊದಲು ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ. ಉಚಿತ, ಪೆನ್ ಡ್ರೈವ್‌ನಿಂದ ಬೂಟ್ ಮಾಡಬೇಕು. ಒಂದೇ ಒಂದು ಕೆಂಪು ಸಾಲು ಬಂದರೂ ಬಿಡಬೇಡಿ. ಬಂದರೆ ಒಂದೊಂದೇ ಸ್ಟಿಕ್ ಹಾಕಿ, ಸ್ಲಾಟ್ ಬದಲಿಸಿ ನೋಡಿ. ದೋಷ ಸ್ಟಿಕ್ ಜೊತೆ ಹೋದರೆ ಸ್ಟಿಕ್, ಸ್ಲಾಟ್‌ನಲ್ಲೇ ಉಳಿದರೆ ಸ್ಲಾಟ್. ಕೆಟ್ಟ ರ‍್ಯಾಮ್ ಮೇಲೆ ವಿಂಡೋಸ್ ಹಾಕಿದರೆ ಫೈಲ್‌ಗಳೇ ಕೆಡುತ್ತವೆ. ಲೆಕ್ಕಪತ್ರ ಬೇರೆ ಇದೆ ಅಂದಿದ್ದೀರಿ.

ಹಳೇಪೆಟ್ಟಿಗೆ (ಸೋಮವಾರ):
ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದೆ, ದೋಷ ಸೊನ್ನೆ. 64 ಬಿಟ್ ಹಾಕಿದೆ. ಆನ್‌ಬೋರ್ಡ್ ಗ್ರಾಫಿಕ್ಸ್‌ಗೆ ಚೂರು ಹೋಗಿ ಮಿಕ್ಕಿದ್ದೆಲ್ಲ ಸಿಗುತ್ತಿದೆ. ಹತ್ತು ಟ್ಯಾಬ್, ಎಕ್ಸೆಲ್, ಲೆಕ್ಕದ ಸಾಫ್ಟ್‌ವೇರ್ ಒಟ್ಟಿಗೆ ತೆಗೆದರೂ ಬಳಕೆ ಶೇ 65 ದಾಟಲಿಲ್ಲ. ಡಿಸ್ಕ್ ಸುಮ್ಮನೆ ಕೂತಿದೆ. ಆನ್ ಆಗೋದು ಮಾತ್ರ ಮೊದಲಿನಷ್ಟೇ ನಿಧಾನ, ಎರಡು ನಿಮಿಷ ಬೇಕು.

ತಂತಿಬೇಲಿ:
ಅದಕ್ಕೇ ಎಸ್‌ಎಸ್‌ಡಿ ಅಂದಿದ್ದು!

ಕೀಲಿಮಣೆ:
ಈಗ ಅನ್ನಬಹುದು ಸರ್, ಈಗ ಸರದಿ ಬಂತು. ಚಿಕ್ಕದೇ ಸಾಕು. ಆ ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಕಿಂಡಿ ಸಾಟಾ 2 ಇರೋದು, ಎಷ್ಟು ವೇಗದ ಎಸ್‌ಎಸ್‌ಡಿ ತಂದರೂ ಸೆಕೆಂಡಿಗೆ 300 ಎಂಬಿ ದಾಟಲ್ಲ. ದುಬಾರಿಯದ್ದು ಬೇಡ.

ಮುರಿದಮೌಸ್:
ಒಂದು ಪ್ರಶ್ನೆ. ನಗಬಾರದು. ಅಟ್ಟದ ಮೇಲೆ ನಂದೂ ಒಂದು ಜಿ41 ಬೋರ್ಡ್ ಇದೆ ಅಂತ ಈಗ ನೆನಪಾಯಿತು. ಚಿಪ್ ಎಷ್ಟಿರಬೇಕು ಅಂದ್ರಿ, ಹದಿನಾರಾ?